ಸಂಜೆಯಾದರೆ ರಚ್ಚೆ ಹಿಡಿಯುವ ಕೂಸು

ಪ್ರಶ್ನೆ: ಡಾಕ್ಟ್ರೇ, ನನಗೆ 26 ವರ್ಷ. ಚೊಚ್ಚಲ ಹೆರಿಗೆ. ಬಾಣಂತನಕ್ಕೆ ತಿಪಟೂರಿನ ಹತ್ತಿರ ತವರುಮನೆಯಲ್ಲಿದ್ದೇನೆ. ಮಗನಿಗೆ ಈಗ 38 ದಿನ. ಹುಟ್ಟಿದಾಗ 2.9 ಕೆಜಿ ಇದ್ದ, ಮೊನ್ನೆ ಅಂಗನವಾಡಿಯಲ್ಲಿ ತೂಗಿದಾಗ 3.8 ಕೆಜಿ. ಬರೀ ಎದೆಹಾಲು ಕೊಡುತ್ತಿದ್ದೇನೆ. ಹಗಲೆಲ್ಲ ಚೆನ್ನಾಗಿರುತ್ತಾನೆ. ಸಂಜೆ ಆರೂವರೆಗೆ ಶುರುವಾದರೆ ರಾತ್ರಿ ಹತ್ತರವರೆಗೆ ಒಂದೇ ಸಮ ಅಳು. ಮುಖ ಕೆಂಪಗಾಗುತ್ತದೆ, ಕಾಲು ಹೊಟ್ಟೆಗೆ ಎಳೆದುಕೊಳ್ಳುತ್ತಾನೆ, ಹೊಟ್ಟೆ ಕಲ್ಲಿನಂತೆ ಆಗುತ್ತದೆ, ಗಾಳಿ ಬಿಡುತ್ತಾನೆ. ನಾನು ಬೇಳೆ ತಿಂದಿದ್ದಕ್ಕೆ ವಾಯು ಆಗಿದೆ ಅಂತ ಅತ್ತೆ ಹೇಳಿದರು. ಹದಿನೈದು ದಿನದಿಂದ ಬರೀ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ ತಿನ್ನುತ್ತಿದ್ದೇನೆ. ಅಳು ಕಡಿಮೆ ಆಗಿಲ್ಲ. ಅಜ್ಜಿ ಬಜೆ ತೇದು ನೆಕ್ಕಿಸುತ್ತಾರೆ. ಪಕ್ಕದ ಮನೆಯವರು ಗ್ರೈಪ್ ವಾಟರ್ ಕೊಡಿ ಅನ್ನುತ್ತಾರೆ. ಮೆಡಿಕಲ್ ಶಾಪಿನವರು ಹೊಟ್ಟೆನೋವಿಗೆ ಒಂದು ಡ್ರಾಪ್ಸ್ ಕೊಟ್ಟಿದ್ದಾರೆ, ಇನ್ನೂ ಹಾಕಿಲ್ಲ. ನಿನ್ನ ಹಾಲು ಸಾಲುತ್ತಿಲ್ಲ, ಡಬ್ಬಿ ಹಾಲು ಶುರುಮಾಡು ಅಂತ ಎಲ್ಲರೂ ಹೇಳುತ್ತಿದ್ದಾರೆ. ಯಾವುದು ಸರಿ? ಇನ್ನೊಂದು ವಿಷಯ, ಇದನ್ನು ಯಾರಿಗೂ ಹೇಳಿಲ್ಲ. ಮೊನ್ನೆ ರಾತ್ರಿ ನನಗೆ ತಡೆಯಲಾಗದಷ್ಟು ಸಿಟ್ಟು ಬಂತು. ಮಗುವನ್ನು ಹಾಸಿಗೆ ಮೇಲೆ ದೊಪ್ಪನೆ ಮಲಗಿಸಿಬಿಟ್ಟೆ. ಆಮೇಲೆ ಭಯವಾಗಿ ನಾನೇ ಅತ್ತೆ.

ಉತ್ತರ: ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನೀವು ಕೊನೆಗೆ ಬರೆದಿದ್ದೀರಿ. ಅದಕ್ಕೇ ಬರುತ್ತೇನೆ. ಅದಕ್ಕೆ ಮುಂಚೆ, ಪತ್ರದ ನಡುವೆ ಸದ್ದಿಲ್ಲದೆ ಕೂತಿರುವ ಒಂದು ಲೆಕ್ಕ ನೋಡೋಣ.

38 ದಿನದಲ್ಲಿ 900 ಗ್ರಾಂ. ಹುಟ್ಟಿದ ಮೊದಲ ವಾರ ಎಲ್ಲ ಮಕ್ಕಳೂ ಸ್ವಲ್ಪ ಇಳಿದು, ಹತ್ತು ಹದಿನಾಲ್ಕು ದಿನದಲ್ಲಿ ಹುಟ್ಟಿದ ತೂಕಕ್ಕೆ ಮರಳುತ್ತವೆ. ಅಲ್ಲಿಂದ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸಾಕು. ನಿಮ್ಮ ಮಗ ಅದಕ್ಕಿಂತ ಒಂದು ಹಿಡಿ ಜಾಸ್ತಿಯೇ ಏರಿದ್ದಾನೆ. ಹಾಲು ಸಾಲದ ಮಗು ಹೀಗೆ ತೂಕ ಏರಿಸಿಕೊಳ್ಳುವುದಿಲ್ಲ. ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ಯುತ್ತಾನಾ ಅಂತ ಎಣಿಸಿ ನೋಡಿ. ಹೊಯ್ದರೆ ಡಬ್ಬಿ ಹಾಲಿನ ಮಾತು ಅಲ್ಲಿಗೆ ಮುಗಿಯಿತು. ಇನ್ನು ಮೇಲೆ ಯಾರಾದರೂ "ಹಾಲು ಸಾಲ್ತಿಲ್ಲ" ಅಂದರೆ ತಾಯಿ ಕಾರ್ಡ್ ತೆಗೆದು ಆ ಎರಡು ಅಂಕಿ ತೋರಿಸಿ.

ಸಂಜೆ ಎದೆ ಮೆತ್ತಗೆ, ಖಾಲಿ ಅನಿಸುವುದು ಸಹಜ. ಮಗು ಆ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ ಬಾಯಿ ಹಾಕುವುದೂ ಸಹಜ. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಹಾಲು ಬತ್ತಿದಂತೆ ಕಾಣುತ್ತದೆ. ನಾನು ಮಕ್ಕಳ ವೈದ್ಯೆಯಾಗಿ 22 ವರ್ಷ ಆಯಿತು. ಚೆನ್ನಾಗಿ ಹಾಲಿದ್ದ ಎಷ್ಟೋ ತಾಯಂದಿರು ಎದೆಹಾಲು ಬಿಡಿಸಿದ್ದು ಈ ಸಂಜೆ ಅಳುವಿನ ಆರನೇ ವಾರದಲ್ಲೇ. ಡಬ್ಬಿ ಹಾಲು ಶುರುಮಾಡಿದ ಮೇಲೂ ಅಳು ನಿಲ್ಲಲಿಲ್ಲ ಅಂತ ಮತ್ತೆ ಬರುತ್ತಾರೆ. ನಿಲ್ಲುವುದಿಲ್ಲ. ಎದೆಹಾಲಿನ ಮಕ್ಕಳಿಗೂ ಡಬ್ಬಿ ಹಾಲಿನ ಮಕ್ಕಳಿಗೂ ಈ ಅಳು ಒಂದೇ ಪ್ರಮಾಣದಲ್ಲಿ ಬರುತ್ತದೆ.

ಇದಕ್ಕೆ ನಾವು ಕೊಲಿಕ್ ಅನ್ನುತ್ತೇವೆ. 1954ರಲ್ಲಿ ವೆಸೆಲ್ ಎಂಬ ಅಮೆರಿಕದ ವೈದ್ಯರು ಒಂದು ಅಳತೆ ಕೊಟ್ಟರು. ಚೆನ್ನಾಗಿ ಬೆಳೆಯುತ್ತಿರುವ ಮಗು ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಕಾಲ ಅತ್ತರೆ ಅದು ಕೊಲಿಕ್. ಈಗ ಇಷ್ಟು ಗಡಿಯಾರ ನೋಡುವುದಿಲ್ಲ. 2016ರ ಹೊಸ ವ್ಯಾಖ್ಯೆಯಲ್ಲಿ ಗಂಟೆಯ ಲೆಕ್ಕ ಬಿಟ್ಟಿದ್ದಾರೆ. ಐದು ತಿಂಗಳೊಳಗಿನ ಮಗು, ಕಾರಣ ಕಾಣದ ಉದ್ದನೆಯ ಅಳು, ಮನೆಯವರು ಏನು ಮಾಡಿದರೂ ನಿಲ್ಲದ್ದು, ಆದರೆ ಜ್ವರ ಇಲ್ಲ, ಕಾಯಿಲೆ ಇಲ್ಲ, ತೂಕ ಏರುತ್ತಿದೆ. ಇಷ್ಟಿದ್ದರೆ ಸಾಕು. ಸುಮಾರು ಐದರಲ್ಲಿ ಒಂದು ಮಗುವಿಗೆ ಇದು ಇರುತ್ತದೆ.

ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ ಅನ್ನುವುದು ನನ್ನ ಹಳೆಯ ದೂರು. ಕೊಲಿಕ್ ಅಂದರೆ ಕರುಳಿನ ನೋವು ಅಂತ ಅರ್ಥ. ಆ ಹೆಸರು ಇಟ್ಟ ಮೇಲೆ ಎಲ್ಲರೂ ಹೊಟ್ಟೆಯನ್ನೇ ನೋಡುತ್ತಾರೆ. ನಮ್ಮ ಹಳ್ಳಿಗಳಲ್ಲಿ "ರಚ್ಚೆ ಹಿಡಿದಿದೆ" ಅನ್ನುತ್ತಾರಲ್ಲ, ಆ ಮಾತೇ ಹೆಚ್ಚು ಸರಿ. ಅದು ಅಳುವನ್ನು ಹೇಳುತ್ತದೆ, ಕಾರಣವನ್ನು ತಾನಾಗಿ ಕಟ್ಟುವುದಿಲ್ಲ. ಕಾಲು ಮಡಚುವುದು, ಮುಖ ಕೆಂಪಗಾಗುವುದು, ಹೊಟ್ಟೆ ಬಿಗಿಯುವುದು ಇವೆಲ್ಲ ಜೋರಾಗಿ ಅಳುವ ಯಾವ ಎಳೆಗೂಸಿನಲ್ಲೂ ಇರುತ್ತವೆ. ಇಂಜೆಕ್ಷನ್ ಕೊಟ್ಟಾಗ ನೋಡಿ, ತೊಡೆಗೆ ಚುಚ್ಚಿದರೂ ಹೊಟ್ಟೆಯೇ ಕಲ್ಲಾಗುತ್ತದೆ. ಅಳುವಾಗ ಮಗು ಗಾಳಿ ನುಂಗುತ್ತದೆ, ಅದು ಆಮೇಲೆ ಹೊರಗೆ ಬರುತ್ತದೆ. ಗಾಳಿಯಿಂದ ಅಳು ಅಂತ ನಾವು ತಿಳಿಯುತ್ತೇವೆ. ಹೆಚ್ಚಿನ ಸಲ ಅಳುವಿನಿಂದ ಗಾಳಿ.

ಹಾಗಾದರೆ ಕಾರಣ ಏನು? ಒಂದೇ ಕಾರಣ ಸಿಕ್ಕಿಲ್ಲ. ಆದರೆ ಅಳುವಿಗೆ ಒಂದು ಆಕಾರ ಇದೆ ಅನ್ನುವುದು ಗಟ್ಟಿ. 1962ರಲ್ಲಿ ಬ್ರೇಜಲ್ಟನ್ ಎಂಬ ಮಕ್ಕಳ ವೈದ್ಯರು 80 ಮಕ್ಕಳ ತಾಯಂದಿರಿಂದ ಅಳುವಿನ ಡೈರಿ ಬರೆಸಿದರು. ಎಲ್ಲ ಆರೋಗ್ಯವಂತ ಮಕ್ಕಳೇ. ಎರಡನೇ ವಾರದಲ್ಲಿ ದಿನಕ್ಕೆ ಒಂದೂಮುಕ್ಕಾಲು ಗಂಟೆ ಅಳು. ಆರನೇ ವಾರದಲ್ಲಿ ಎರಡೂಮುಕ್ಕಾಲು ಗಂಟೆ. ಅಲ್ಲಿಂದ ಇಳಿಮುಖ. ಅದರಲ್ಲೂ ಸಂಜೆಯೇ ಜಾಸ್ತಿ. ಕಲಹರಿ ಮರುಭೂಮಿಯ ಸ್ಯಾನ್ ಜನರು ಕೂಸನ್ನು ಇಡೀ ದಿನ ಮೈಗೆ ಕಟ್ಟಿಕೊಂಡೇ ಓಡಾಡುತ್ತಿದ್ದರು, ಗಂಟೆಗೆ ಮೂರು ನಾಲ್ಕು ಸಲ ಹಾಲು ಕೊಡುತ್ತಿದ್ದರು. ಆ ಮಕ್ಕಳಲ್ಲೂ ಮೊದಲ ಮೂರು ತಿಂಗಳು ಅಳುವಿನ ಈ ಏರು ಇತ್ತು. ಒಂದು ಸಲ ಅಳು ಶುರುವಾದರೆ ಅಷ್ಟು ಉದ್ದ ಹೋಗುತ್ತಿರಲಿಲ್ಲ ಅಷ್ಟೆ. ಅಂದರೆ ಇದು ಬೇಳೆಯಿಂದ, ಡಬ್ಬಿಯಿಂದ, ನಿಮ್ಮ ಅನುಭವ ಕಡಿಮೆ ಇರುವುದರಿಂದ ಬಂದದ್ದಲ್ಲ. ಎಳೆಯ ಮೆದುಳು ದಿನವಿಡೀ ಬೆಳಕು, ಸದ್ದು, ಕೈಯಿಂದ ಕೈಗೆ ಹೋಗುವುದು ಎಲ್ಲವನ್ನೂ ತುಂಬಿಕೊಂಡಿರುತ್ತದೆ. ಸಂಜೆ ಹೊತ್ತಿಗೆ ಅದಕ್ಕೆ ತನ್ನನ್ನು ತಾನು ಸುಮ್ಮನಾಗಿಸಿಕೊಳ್ಳಲು ಬರುವುದಿಲ್ಲ. ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಇದು. ಕೆಲವು ಮಕ್ಕಳಲ್ಲಿ ಕರುಳಿನ ಬ್ಯಾಕ್ಟೀರಿಯಾ ಬೇರೆ ಥರ ಇರುವುದೂ ಕಂಡಿದೆ.

ನಿಮ್ಮ ಮಗನಿಗೆ ಇನ್ನೇನು ಆರು ವಾರ ತುಂಬುತ್ತದೆ. ಅಂದರೆ ನೀವೀಗ ಗುಡ್ಡದ ನೆತ್ತಿಯ ಹತ್ತಿರ ಇದ್ದೀರಿ. ಆರನೇ ವಾರದ ಲಸಿಕೆಯೂ ಇದೇ ಹೊತ್ತಿಗೆ ಬರುತ್ತದೆ. ಅಳು ಆ ವಾರ ಜೋರಾದರೆ "ಇಂಜೆಕ್ಷನ್ ಹಾಕಿಸಿದ್ದಕ್ಕೇ ಹೀಗಾಯ್ತು" ಅನ್ನುವವರು ಖಂಡಿತ ಸಿಗುತ್ತಾರೆ. ಲಸಿಕೆ ತಪ್ಪಿಸಬೇಡಿ. ಅದರಿಂದ ಒಂದೆರಡು ದಿನ ಸಣ್ಣ ಜ್ವರ, ಕಿರಿಕಿರಿ ಬರಬಹುದು. ದಿನಾ ಸಂಜೆಯ ಅಳು ಅದರಿಂದ ಬರುವುದಿಲ್ಲ.

ಈಗ ನಿಮ್ಮ ಊಟ. ಇಲ್ಲಿ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ, ಕ್ಷಮಿಸಿ. ಹಾಲು ಹೊಟ್ಟೆಯಿಂದ ಬರುವುದಿಲ್ಲ, ರಕ್ತದಿಂದ ತಯಾರಾಗುತ್ತದೆ. ಬೇಳೆ ತಿಂದಾಗ ವಾಯು ಆಗುವುದು ಅದರ ನಾರನ್ನು ನಿಮ್ಮ ಕರುಳಿನ ಬ್ಯಾಕ್ಟೀರಿಯಾ ಕೊಳೆಸಿದಾಗ. ಆ ಗಾಳಿ ನಿಮ್ಮ ಕರುಳಲ್ಲೇ ಉಳಿಯುತ್ತದೆ, ಎದೆಗೆ ಹತ್ತುವುದಿಲ್ಲ. ಹಾಲುಣಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು. ಅದನ್ನು ಮೆಣಸಿನ ಸಾರಿನಿಂದ ಹೊಂದಿಸಲು ಆಗುತ್ತದಾ? ಬೇಳೆ, ಸೊಪ್ಪು, ತರಕಾರಿ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಮುದ್ದೆ, ಹಣ್ಣು ಎಲ್ಲ ಇವತ್ತಿನಿಂದಲೇ ಶುರುಮಾಡಿ. ನೀರನ್ನೂ ಬಾಯಾರಿಕೆ ಆದಷ್ಟು ಕುಡಿಯಿರಿ. ಬೆಳ್ಳುಳ್ಳಿಯ ಬಗ್ಗೆ ಒಂದು ತಮಾಷೆ ಹೇಳುತ್ತೇನೆ. 1991ರಲ್ಲಿ ಅಮೆರಿಕದಲ್ಲಿ ತಾಯಂದಿರಿಗೆ ಬೆಳ್ಳುಳ್ಳಿ ಕೊಟ್ಟು ನೋಡಿದರು. ಹಾಲಿಗೆ ಬೆಳ್ಳುಳ್ಳಿ ವಾಸನೆ ಬಂದಾಗ ಮಕ್ಕಳು ಇನ್ನೂ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದವು. ವಾಸನೆ ದಾಟುತ್ತದೆ, ವಾಯು ದಾಟುವುದಿಲ್ಲ.

ಒಂದು ವಿನಾಯಿತಿ ಇದೆ. ಕೆಲವು ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನ್ ಒಗ್ಗುವುದಿಲ್ಲ. ತಾಯಿ ಕುಡಿದ ಹಾಲಿನ ಆ ಅಂಶ ಎದೆಹಾಲಿಗೆ ಸ್ವಲ್ಪ ಬರುತ್ತದೆ. ಆದರೆ ಆಗ ಅಳುವೊಂದೇ ಇರುವುದಿಲ್ಲ. ಮಲದಲ್ಲಿ ರಕ್ತದ ಗೆರೆ ಅಥವಾ ಲೋಳೆ, ಮೈಮೇಲೆ ಒಣ ಕೆಂಪು ಗಂಧೆ, ಜಾಸ್ತಿ ಕಕ್ಕುವುದು, ತೂಕ ನಿಲ್ಲುವುದು ಇರುತ್ತದೆ. ಹಾಗಿದ್ದರೆ ವೈದ್ಯರ ಜೊತೆ ಮಾತಾಡಿ ಎರಡು ವಾರ ಹಾಲು, ಮೊಸರು, ಮಜ್ಜಿಗೆ ಬಿಟ್ಟು ನೋಡಬಹುದು. ಕಡಿಮೆಯಾದರೆ ಮತ್ತೆ ಕುಡಿದು ಪರೀಕ್ಷೆ ಮಾಡಲೇಬೇಕು. ಇಲ್ಲದಿದ್ದರೆ ತಾಯಿ ಸುಮ್ನೆ ತಿಂಗಳುಗಟ್ಟಲೆ ಹಾಲಿಲ್ಲದೆ ಇರುತ್ತಾಳೆ. ನೀವು ಬರೆದಿರುವುದರಲ್ಲಿ ಇದರ ಸುಳಿವಿಲ್ಲ.

ಔಷಧಿಗಳಲ್ಲಿ ಮೊದಲು ಆ ಡ್ರಾಪ್ಸ್. ಬಾಟಲಿ ತೆಗೆದು ಲೇಬಲ್ ಓದಿ, ಅಥವಾ ಓದಿಸಿ. ಡೈಸೈಕ್ಲೋಮಿನ್ ಅಂತ ಹೆಸರಿದ್ದರೆ ಹಾಕಲೇಬೇಡಿ. ಆರು ತಿಂಗಳೊಳಗಿನ ಮಕ್ಕಳಲ್ಲಿ ಅದು ಉಸಿರು ನಿಲ್ಲಿಸಿದ, ಫಿಟ್ಸ್ ತಂದ ಪ್ರಕರಣಗಳಿವೆ. ಅದಕ್ಕೇ ಈ ವಯಸ್ಸಿಗೆ ಅದು ನಿಷಿದ್ಧ. ಅಳು ಕಡಿಮೆ ಮಾಡುತ್ತದೆ ನಿಜ, ಅದೇ ಅದರ ಅಪಾಯ. ಒಂದು ರಾತ್ರಿ ಸುಮ್ಮನಾದ ಮಗುವನ್ನು ಕಂಡವರು ಮರುದಿನವೂ ಹಾಕುತ್ತಾರೆ. ಬರೀ ಸಿಮೆಥಿಕೋನ್ ಇದ್ದರೆ ಹೆದರಬೇಕಿಲ್ಲ. ಅದರಿಂದ ತೊಂದರೆ ಇಲ್ಲ, ಉಪಯೋಗವೂ ಇಲ್ಲ. ಬರೀ ಸಿಹಿನೀರಿನಂಥ ಹುಸಿಮದ್ದಿನ ಜೊತೆ ಹೋಲಿಸಿದಾಗ ವ್ಯತ್ಯಾಸ ಕಾಣಲಿಲ್ಲ.

ಗ್ರೈಪ್ ವಾಟರ್ ಹುಟ್ಟಿದ್ದು 1851ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ಮಾಡಿದ್ದು. ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ, ಜೊತೆಗೆ ಆಲ್ಕೋಹಾಲ್. ಆ ಕಾಲದ ಮಕ್ಕಳು ಯಾಕೆ ಸುಮ್ಮನಾಗುತ್ತಿದ್ದವು ಅಂತ ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ? ಈಗ ಆಲ್ಕೋಹಾಲ್ ತೆಗೆದಿದ್ದಾರೆ, ಸಿಹಿ ಉಳಿದಿದೆ. ನಾಲಿಗೆಗೆ ಸಿಹಿ ಬಿದ್ದಾಗ ಎಳೆಗೂಸು ಎರಡು ನಿಮಿಷ ಅಳು ನಿಲ್ಲಿಸುತ್ತದೆ. ಅಷ್ಟೇ ಅದರ ಶಕ್ತಿ. ಆರು ತಿಂಗಳವರೆಗೆ ಮಗುವಿಗೆ ನೀರೂ ಬೇಡ ಅನ್ನುವಾಗ ಇದು ಯಾಕೆ?

ಅಜ್ಜಿಯ ಬಜೆಯ ಬಗ್ಗೆ ಹೇಳುವುದು ಕಷ್ಟ, ಯಾಕೆಂದರೆ ನನ್ನ ಅಜ್ಜಿಯೂ ತೇಯುತ್ತಿದ್ದರು, ನಾನೂ ನೆಕ್ಕಿದ್ದೇನೆ. ಆದರೆ ಬಜೆಯಲ್ಲಿ ಬೀಟಾ ಅಸರೋನ್ ಅನ್ನುವ ವಸ್ತುವಿದೆ. ಇಲಿಗಳಲ್ಲಿ ಅದು ಗಡ್ಡೆ ತರಿಸಿದ್ದಕ್ಕೆ ಅಮೆರಿಕದಲ್ಲಿ 1968ರಿಂದ ಬಜೆಯನ್ನು ಆಹಾರದಲ್ಲಿ ಬಳಸುವ ಹಾಗಿಲ್ಲ. ಜಾಯಿಕಾಯಿ ತೇದು ಕೊಟ್ಟರೆ ಮಗು ಮಲಗುವುದು ನೋವು ಹೋಗಿ ಅಲ್ಲ, ಮಂಕು ಹಿಡಿದು. ತೇಯುವ ಕಲ್ಲು, ನೀರು, ಬೆರಳು ಇವುಗಳಿಂದ ಬೇಧಿ ಹತ್ತಿಸಿಕೊಂಡು ಬಂದ ಮಕ್ಕಳನ್ನಂತೂ ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ. ಜೇನುತುಪ್ಪ ಒಂದು ವರ್ಷದವರೆಗೆ ಬೇಡವೇ ಬೇಡ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ಕರುಳಲ್ಲಿ ವಿಷ ಮಾಡಿ ಸ್ನಾಯುಗಳನ್ನೇ ಸಡಿಲಿಸುತ್ತದೆ. ಹರಳೆಣ್ಣೆ ಕುಡಿಸಿದರೆ, ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ಎಣ್ಣೆ ನ್ಯುಮೋನಿಯಾ ತರಬಹುದು. ಇನ್ನು ಹೊಟ್ಟೆಗೆ ಬರೆ ಹಾಕುವುದು. ನಿಮ್ಮ ಮನೆಯಲ್ಲಿ ಆ ಮಾತು ಬಂದಿಲ್ಲ, ಆದರೆ ಇದನ್ನು ಓದುವ ಯಾರದೋ ಮನೆಯಲ್ಲಿ ಬಂದಿರಬಹುದು. ಸುಟ್ಟ ಗಾಯದಿಂದ ಸೋಂಕು ರಕ್ತಕ್ಕೆ ಹತ್ತಿದ ಕೂಸುಗಳನ್ನು ನೋಡಿದ್ದೇನೆ. ಅದರ ಬಗ್ಗೆ ಚರ್ಚೆಯೇ ಬೇಡ.

ಹಾಗಂತ ಅಜ್ಜಿಯನ್ನು ಕೈಬಿಡಬೇಡಿ. ದೃಷ್ಟಿ ತೆಗೆಯಲಿ, ಏನೂ ಆಗುವುದಿಲ್ಲ. ಇಂಗನ್ನು ಹೊಕ್ಕುಳ ಸುತ್ತ ಮೇಲಿಂದ ಹಚ್ಚಲಿ, ಚರ್ಮ ಕೆಂಪಗಾದರೆ ಬಿಡಲಿ. ಮೃದುವಾಗಿ ಎಣ್ಣೆ ಹಚ್ಚಿ ಮೈ ತಿಕ್ಕಲಿ. ಎಲ್ಲಕ್ಕಿಂತ ಮುಖ್ಯ, ಆರೂವರೆಯಿಂದ ಹತ್ತರವರೆಗಿನ ಆ ಮೂರೂವರೆ ಗಂಟೆಯಲ್ಲಿ ಒಂದು ಗಂಟೆ ಅವರು ಎತ್ತಿಕೊಳ್ಳಲಿ. ಅಜ್ಜಿಗೆ ಮಾಡಲು ಕೆಲಸ ಬೇಕು. ಬಜೆ ಕಸಿದುಕೊಂಡರೆ ಬದಲಿಗೆ ಏನಾದರೂ ಕೈಗೆ ಕೊಡಬೇಕು.

ಔಷಧಿ ಅಂತ ಏನಾದರೂ ಪ್ರಯತ್ನಿಸಲೇಬೇಕು ಅನಿಸಿದರೆ ಲ್ಯಾಕ್ಟೋಬ್ಯಾಸಿಲಸ್ ರ್‍ಯೂಟರಿ ಅನ್ನುವ ಪ್ರೊಬಯಾಟಿಕ್ ಹನಿ, ಅಂದರೆ ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಹನಿ, ಒಂದಿದೆ. ಎದೆಹಾಲು ಮಾತ್ರ ಕುಡಿಯುವ ಮಕ್ಕಳಲ್ಲಿ ಅಳು ಸ್ವಲ್ಪ ಇಳಿದಿದ್ದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡಿದೆ. ಡಬ್ಬಿ ಹಾಲಿನ ಮಕ್ಕಳಲ್ಲಿ ಕಂಡಿಲ್ಲ. ಬೆಲೆ ಕಡಿಮೆಯೇನಲ್ಲ. ಅವಧಿಗೆ ಮುಂಚೆ ಹುಟ್ಟಿದ, ತುಂಬಾ ನಿಶ್ಶಕ್ತ ಮಕ್ಕಳಿಗೆ ಕೊಡಬಾರದು. ನಿಮ್ಮ ವೈದ್ಯರು ಬರೆದುಕೊಟ್ಟರೆ ಎರಡು ಮೂರು ವಾರ ನೋಡಿ, ಫಲ ಕಾಣದಿದ್ದರೆ ನಿಲ್ಲಿಸಿ.

ಹಾಗಾದರೆ ಸಂಜೆ ಏನು ಮಾಡಬೇಕು? ಐದೂವರೆಯಿಂದಲೇ ಮನೆಯನ್ನು ತಗ್ಗಿಸಿ. ಟ್ಯೂಬ್‌ಲೈಟ್ ಆರಿಸಿ ಸಣ್ಣ ದೀಪ ಹಾಕಿ, ಸೀರಿಯಲ್ ಸದ್ದು ಬೇಡ, ಮಗು ನೋಡಲು ಬಂದವರು ಮಗುವನ್ನು ಕೈಯಿಂದ ಕೈಗೆ ದಾಟಿಸುವುದೂ ಬೇಡ. ಸಾಂಬ್ರಾಣಿ ಹೊಗೆ ಪೂರ್ತಿ ನಿಲ್ಲಿಸಿ, ಅದು ಎಳೆಯ ಶ್ವಾಸಕ್ಕೆ ಉರಿ. ಹಾಲು ಕುಡಿಸಿದ ಮೇಲೆ ಭುಜಕ್ಕೆ ಹಾಕಿ ತೇಗು ತೆಗೆಸಿ. ಅಳು ಶುರುವಾದರೆ ಮಗುವಿನ ಬಟ್ಟೆ ಬಿಚ್ಚಿ ನಿಮ್ಮ ಎದೆಗೆ ಚರ್ಮ ತಾಗುವ ಹಾಗೆ ಕಟ್ಟಿಕೊಂಡು ನಡೆಯಿರಿ. ಜಪಾನಿನ ರಿಕೆನ್ ಸಂಸ್ಥೆಯವರು 2022ರಲ್ಲಿ ಇದನ್ನೇ ಅಳೆದು ನೋಡಿದರು. ಅಳುವ ಮಗುವನ್ನು ಎತ್ತಿಕೊಂಡು ನಿಲ್ಲದೆ ಐದು ನಿಮಿಷ ನಡೆದಾಗ ಮಕ್ಕಳು ಸುಮ್ಮನಾದವು, ಹಲವು ನಿದ್ದೆಗೂ ಜಾರಿದವು. ಕೂತು ಎತ್ತಿಕೊಂಡಾಗ ಹಾಗಾಗಲಿಲ್ಲ. ನಿದ್ದೆ ಬಂದ ಕೂಡಲೇ ಮಲಗಿಸಿದರೆ ಎಚ್ಚರಾಗುತ್ತವೆ, ಎಂಟು ನಿಮಿಷ ಎತ್ತಿಕೊಂಡೇ ಕೂತು ಆಮೇಲೆ ಮಲಗಿಸಿ ಅನ್ನುವುದು ಅವರ ಸಲಹೆ. ಇದು ಚಿಕ್ಕ ಅಧ್ಯಯನ, 21 ಮಕ್ಕಳು ಅಷ್ಟೆ. ಆದರೆ ಖರ್ಚಿಲ್ಲ, ಅಪಾಯವಿಲ್ಲ.

ತೊಟ್ಟಿಲು ತೂಗಿ, ಮೆಲ್ಲಗೆ. ಸೀರೆ ಜೋಲಿಯಾದರೆ ಗಲ್ಲ ಎದೆಗೆ ಬಾಗಿ ಉಸಿರು ಕಟ್ಟದಂತೆ ಯಾರಾದರೂ ಪಕ್ಕದಲ್ಲೇ ಇರಬೇಕು. ಬಟ್ಟೆಯಲ್ಲಿ ಸುತ್ತುವಾಗ ಕೈ ಭಾಗ ಬಿಗಿ ಇರಲಿ, ಸೊಂಟ ಮತ್ತು ಕಾಲು ಸಡಿಲ ಇರಲಿ. ಕಾಲನ್ನು ನೇರ ಮಾಡಿ ಗಟ್ಟಿ ಸುತ್ತಿದರೆ ಸೊಂಟದ ಕೀಲು ಜಾರುವ ಅಪಾಯವಿದೆ. ಫ್ಯಾನಿನ ಗುಂಯ್ ಸದ್ದು, ಮಳೆ ಸದ್ದು, ನಿಮ್ಮ "ಶ್ ಶ್" ಇವು ಕೆಲವು ಮಕ್ಕಳಿಗೆ ಹಿಡಿಸುತ್ತವೆ. ಜೋಗುಳಕ್ಕೆ ರಾಗ ಬರಬೇಕಿಲ್ಲ. ಸ್ಕೂಟರ್ ಮೇಲೆ ಸುತ್ತಾಡಿಸಿದರೆ ನಿಲ್ಲುತ್ತದೆ ಅನ್ನುವ ಅಪ್ಪಂದಿರಿದ್ದಾರೆ, ಅವರಿಗೆ ಬೈದು ಕಳಿಸುತ್ತೇನೆ. ಇಷ್ಟೆಲ್ಲ ಮಾಡಿದರೂ ಕೆಲವು ಸಂಜೆ ಏನೂ ಕೆಲಸ ಮಾಡುವುದಿಲ್ಲ. ಅದು ನಿಮ್ಮ ಸೋಲಲ್ಲ. ಮಗು ಅಳುತ್ತಿದ್ದರೂ ನಿಮ್ಮ ಮೈಯ ಬಿಸಿ ಅದಕ್ಕೆ ತಾಗುತ್ತಿರುತ್ತದೆ.

ಕೊಲಿಕ್ ಅಂತ ಹೇಳುವ ಮುಂಚೆ ಒಮ್ಮೆ ಮಗುವನ್ನು ಪೂರ್ತಿ ಬಟ್ಟೆ ಬಿಚ್ಚಿ ನೋಡಲೇಬೇಕು. ಬಾಣಂತಿಯರ ಕೂದಲು ಉದುರುತ್ತದಲ್ಲ, ಒಂದು ಎಳೆ ಕಾಲ್ಬೆರಳಿಗೋ ಶಿಶ್ನಕ್ಕೋ ಸುತ್ತಿಕೊಂಡು ರಕ್ತ ನಿಲ್ಲಿಸಿಬಿಡುತ್ತದೆ. ಹಾಗೆ ಬಂದ ಎರಡು ಮಕ್ಕಳನ್ನು ನೋಡಿದ್ದೇನೆ, ಎರಡಕ್ಕೂ ಮನೆಯಲ್ಲಿ ವಾಯು ಅಂತ ಹೇಳಿದ್ದರು. ತೊಡೆಸಂದಿಯಲ್ಲಿ ಗಟ್ಟಿ ಗಂಟು ಇದೆಯಾ, ಬೀಜ ಊದಿದೆಯಾ ನೋಡಿ. ಜ್ವರ 100.4 ಡಿಗ್ರಿ ಮುಟ್ಟಿದರೆ, ಹಸಿರು ವಾಂತಿಯಾದರೆ, ಪ್ರತಿ ಸಲ ಹಾಲು ದೂರಕ್ಕೆ ಚಿಮ್ಮುವ ಹಾಗೆ ಕಕ್ಕಿದರೆ, ಮಲದಲ್ಲಿ ರಕ್ತ ಕಂಡರೆ, ಹಾಲು ಬಿಟ್ಟರೆ, ನೆತ್ತಿ ಉಬ್ಬಿದರೆ, ಅಳು ಕ್ಷೀಣವಾಗಿ ನರಳಿದ ಹಾಗಿದ್ದರೆ, ಅಥವಾ ಮಗು ಬಿಳಿಚಿಕೊಂಡು ಜೋತುಬಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಲಸಿಕೆ ಹಾಕಿಸಿದ ದಿನ ಬರುವ ಸಣ್ಣ ಜ್ವರದ ಬಗ್ಗೆ ನರ್ಸ್ ಹೇಳಿದ್ದನ್ನು ಮಾಡಿ, ಎರಡು ದಿನ ದಾಟಿದರೆ ತೋರಿಸಿ. ಇವು ಯಾವುದೂ ಇಲ್ಲದಿದ್ದರೂ ಈ ವಾರ ಲಸಿಕೆಗೆ ಹೋದಾಗ ವೈದ್ಯರಿಂದ ಒಮ್ಮೆ ಪರೀಕ್ಷೆ ಮಾಡಿಸಿ. ಪತ್ರ ಓದಿ ನಾನು ಹೊಟ್ಟೆ ಮುಟ್ಟಿ ನೋಡಲಾಗುವುದಿಲ್ಲ.

ಈಗ ಆ ರಾತ್ರಿ. ಸಿಟ್ಟು ಬಂದದ್ದು ತಪ್ಪಲ್ಲ. ನಿದ್ದೆಯಿಲ್ಲ, ಹೊಟ್ಟೆಗೆ ಸರಿಯಾದ ಊಟವಿಲ್ಲ, ಹೆರಿಗೆಯಾಗಿ ಐದು ವಾರ, ಕಿವಿಯ ಪಕ್ಕ ಮೂರು ಗಂಟೆ ಕಿರುಚಾಟ. ನನ್ನ ಮಗಳು ಹೀಗೆ ಅಳುತ್ತಿದ್ದಾಗ ನಾನು ವೈದ್ಯೆಯಾಗಿದ್ದೂ ಅವಳನ್ನು ತೊಟ್ಟಿಲಲ್ಲಿ ಬಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಕೂತಿದ್ದೇನೆ. ಮಗುವನ್ನು ಕೆಳಗಿಟ್ಟದ್ದು ಸರಿಯಾದ ಕೆಲಸ. ದೊಪ್ಪನೆ ಇಟ್ಟದ್ದು ಎಚ್ಚರಿಕೆ. ಅದರ ಮುಂದಿನ ಹೆಜ್ಜೆ ಹಿಡಿದು ಅಲುಗಾಡಿಸುವುದು. ಎಳೆಗೂಸಿನ ತಲೆ ಭಾರ, ಕುತ್ತಿಗೆ ಬಲವಿಲ್ಲ. ಕೆಲವೇ ಸೆಕೆಂಡು ಜೋರಾಗಿ ಕುಲುಕಿದರೂ ಮೆದುಳಲ್ಲಿ ರಕ್ತಸ್ರಾವವಾಗಿ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಹೀಗೆ ಮಾಡಿದವರು ಕೆಟ್ಟವರಾಗಿರಬೇಕಿಲ್ಲ. ಹೆಚ್ಚಿನವರು ದಣಿದವರು. ಆ ರಾತ್ರಿಯ ನಂತರ ಮಗು ಎಂದಿನಂತೆ ಹಾಲು ಕುಡಿದು ಕೈಕಾಲು ಆಡಿಸುತ್ತಿದ್ದರೆ ಗಾಬರಿ ಬೇಡ, ಆದರೂ ಲಸಿಕೆಗೆ ಹೋದಾಗ ವೈದ್ಯರಿಗೆ ಆ ಮಾತೂ ಹೇಳಿ. ವಾಂತಿ, ಮಂಪರು ಇದ್ದರೆ ಅವತ್ತೇ ಹೋಗಿ.

ಮುಂದಿನ ಸಲ ಆ ಬಿಸಿ ತಲೆಗೆ ಏರಿತು ಅನಿಸಿದಾಗ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ. ದಿಂಬು, ದಪ್ಪ ಹೊದಿಕೆ ತೆಗೆಯಿರಿ. ಬಾಗಿಲು ಎಳೆದು ಹೊರಗೆ ಬನ್ನಿ. ಹತ್ತು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ನೀರು ಕುಡಿಯಿರಿ, ಅಮ್ಮನನ್ನು ಎಬ್ಬಿಸಿ. ಈ ಪ್ಯಾರಾವನ್ನು ಗಂಡನಿಗೂ ಓದಿಸಿ. ಅವರು ಬಂದು ಇರುವ ರಾತ್ರಿಗಳಲ್ಲಿ ಎಂಟರಿಂದ ಹತ್ತರ ಪಾಳಿ ಅವರದು. ಹಗಲಲ್ಲೂ ಅಳು ಬರುವುದು, ಮಗು ಮಲಗಿದರೂ ನಿಮಗೆ ನಿದ್ದೆ ಬಾರದಿರುವುದು, ಮಗುವಿಗೋ ನಿಮಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬರುವುದು ಇದ್ದರೆ ಅದು ಬಾಣಂತಿಯರ ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಿ, ಉಚಿತ, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೆ ಇಟ್ಟು ನೋಡಿಕೊಳ್ಳುವ ವಿಭಾಗವೂ ಇದೆ.

ಎಂಟನೇ ವಾರದ ಹೊತ್ತಿಗೆ ಅಳು ಇಳಿಯಲು ಶುರುವಾಗಿ, ಮೂರು ನಾಲ್ಕು ತಿಂಗಳಿಗೆ ಹೆಚ್ಚಿನ ಮಕ್ಕಳಲ್ಲಿ ನಿಂತುಹೋಗುತ್ತದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಾ ರಾತ್ರಿ ಅಳು ಎಷ್ಟೊತ್ತಿಗೆ ಶುರು, ಎಷ್ಟೊತ್ತಿಗೆ ನಿಂತಿತು ಅಂತ ಎರಡು ಅಂಕಿ ಬರೆಯಿರಿ. ನಾಲ್ಕು ತಿಂಗಳು ದಾಟಿದರೂ ಆ ಅಂಕಿ ಇಳಿಯದಿದ್ದರೆ, ಅಥವಾ ಇಳಿದು ಮತ್ತೆ ಹೊಸದಾಗಿ ಜೋರು ಅಳು ಶುರುವಾದರೆ, ಅದು ಈ ರಚ್ಚೆಯಲ್ಲ. ಆಗ ಕ್ಯಾಲೆಂಡರ್ ಜೊತೆಗೇ ತಂದು ತೋರಿಸಿ.